ಪದ ಪರಿಚಯ: ನ್ಯೂಟ್ರಲ್

ಲ್ಯಾಟಿನ್ನಿನಲ್ಲಿ ‘ನೆ’ ಎಂದರೆ ಅಲ್ಲ, ‘ಉಟರ್’ ಎಂದರೆ ಎರಡರಲ್ಲೊಂದು. ಕೂಡಿಸಿದರೆ ‘ನ್ಯೂಟರ್’: ಅದೂ ಅಲ್ಲ, ಇದೂ ಅಲ್ಲ. ‘ನ್ಯೂಟ್ರಲ್’ ಹುಟ್ಟಿದ್ದು ಇದರಿಂದಲೇ. ವ್ಯಾಕರಣದ ನಪುಂಸಕಲಿಂಗಕ್ಕೂ ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದ ದೇಶಕ್ಕೂ ಸಂದ ಈ ಪದ ಮೋಟಾರಿನ ಜೊತೆ ನಮ್ಮೂರುಗಳಿಗೂ ಬಂತು. ‘ತಟಸ್ಥ’ ಪತ್ರಿಕೆಗಳಲ್ಲೇ ಉಳಿಯಿತು. ಮಲೆನಾಡಿನಲ್ಲಿ ವರದಮೂಲದಿಂದ ಆಗುಂಬೆಯವರೆಗೆ ಗಾಡಿ ಓಡಿಸುವವರ ಬಾಯಲ್ಲಿ ‘ನ್ಯೂಟ್ರಲ್’ ಒಂದೇ.

ಆಟೋಮ್ಯಾಟಿಕ್ ಕಾರಿನಲ್ಲಿ ಅದು ‘ಎನ್’. ‘ಪಿ’ಯಲ್ಲಿ ಗೇರ್‌ಬಾಕ್ಸಿನೊಳಗಿನ ಕೊಕ್ಕೆ ಹಲ್ಲಿಗೆ ಸಿಕ್ಕಿ ಚಕ್ರವನ್ನು ಕಟ್ಟಿಹಾಕುತ್ತದೆ. ‘ಆರ್’ ಹಿಂದಕ್ಕೆ, ‘ಡಿ’ ಮುಂದಕ್ಕೆ. ‘ಎನ್’ನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿಯಲ್ಲಿ (ಆಟೋಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ‘ಪಿ’ ಇರಲಿಲ್ಲ. ಅಂಥ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲೇ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಬೇಕು.

ಹುಲಿಕಲ್, ಆಗುಂಬೆ ಘಾಟಿಗಳಲ್ಲಿ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಯುವವರಿದ್ದಾರೆ. ತಪ್ಪು ಲೆಕ್ಕ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲು ಅದು ಖರ್ಚಾಗುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯ 14 ತಿರುವುಗಳಲ್ಲಿ, ಅದೂ ಮಳೆಗಾಲದಲ್ಲಿ, ಕಾದ ಬ್ರೇಕ್ ಕೈಕೊಟ್ಟರೆ ಗತಿಯೇನು? ಘಟ್ಟ ಇಳಿಯುವಾಗ ‘ಎಲ್’ (ಲೋ) ಅಥವಾ ‘ಎಂ’ಗೆ (ಮ್ಯಾನುಯಲ್) ಹಾಕಿ ಕೆಳಗಿನ ಗೇರ್ ಹಿಡಿಯಿರಿ. ಆಗುಂಬೆ ಘಟ್ಟದ ಬುಡದ ಸೋಮೇಶ್ವರ ಮುಟ್ಟುವವರೆಗೆ ‘ಎನ್’ ಕಡೆ ಕೈ ಹೋಗದಿರಲಿ.