ಅಕ್ಷರಗಳಿಂದ ಪದಕ್ಕೆ: ಇಂಗ್ಲಿಷ್ ನಿಘಂಟಿನ ಮರುಜೋಡಣೆಯ ಚರಿತ್ರೆ

ನಿಘಂಟು ಪದ ಗೊತ್ತಿದ್ದವರಿಗೆ ಅರ್ಥ ತಿಳಿಸುವ ಗ್ರಂಥ, ಮತ್ತು ಅದರೊಳಗೆ ಪ್ರವೇಶವಿರುವುದು ಪದದ ಮೊದಲ ಅಕ್ಷರದ ಮೂಲಕ ಮಾತ್ರ. ಕೈಯಲ್ಲಿರುವುದು ಪದವಲ್ಲ, ಕ್ರಮವಿಲ್ಲದ ನಾಲ್ಕಾರು ಅಕ್ಷರಗಳಷ್ಟೇ ಎಂದಾದರೆ, ಅವೆಲ್ಲವನ್ನೂ ಒಳಗೊಂಡ ಇಂಗ್ಲಿಷ್ ಪದ ಯಾವುದೆಂಬ ಪ್ರಶ್ನೆಗೆ ಸಾವಿರ ಪುಟಗಳ ನಿಘಂಟಿನಲ್ಲೂ ಉತ್ತರ ಸಿಗುವುದಿಲ್ಲ. ಉತ್ತರ ಅದರೊಳಗೇ ಇದ್ದರೂ ಅದನ್ನು ತಲುಪುವ ದಾರಿ ಇರುವುದಿಲ್ಲ. ಆದ್ದರಿಂದ ಈ ಪ್ರಶ್ನೆಯ ಚರಿತ್ರೆಯೆಂದರೆ, ಅದೇ ಪದರಾಶಿಯನ್ನು ಬೇರೆ ಬೇರೆ ದಿಕ್ಕುಗಳಿಂದ ಮತ್ತೆ ಮತ್ತೆ ಜೋಡಿಸಿದವರ ಚರಿತ್ರೆ.

ಅಕಾರಾದಿ ಜೋಡಣೆಯೇ ಒಂದು ಕಾಲಕ್ಕೆ ಓದುಗರಿಗೆ ಹೊಸತಾಗಿತ್ತು. ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟೆಂದು ಪರಿಗಣಿತವಾದ ಗ್ರಂಥವನ್ನು 1604ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಡ್ರಿ, ಪದವು ವರ್ಣಮಾಲೆಯ ಆರಂಭದ ಅಕ್ಷರದಿಂದ ಶುರುವಾದರೆ ಪುಸ್ತಕದ ಆರಂಭದಲ್ಲಿ ಹುಡುಕಬೇಕೆಂಬುದನ್ನೂ ಓದುಗರಿಗೆ ಬಿಡಿಸಿ ಹೇಳಬೇಕಾಯಿತು. ಮುಂದೆ 1775ರಲ್ಲಿ, ನಟನಾಗಿದ್ದು ಬಳಿಕ ಉಚ್ಚಾರಣೆಯ ಬೋಧಕನಾದ ಜಾನ್ ವಾಕರ್ ಈ ಕ್ರಮವನ್ನೇ ತಿರುಗಿಸಿ, ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದುತ್ತ ಜೋಡಿಸಿದ ನಿಘಂಟನ್ನು ಹೊರತಂದನು. ಅದರಲ್ಲಿ ‘ನೇಷನ್’, ‘ಸ್ಟೇಷನ್’ ಮೊದಲಾದ ಒಂದೇ ಬಾಲದ ಪದಗಳು ಒಂದೆಡೆ ಸೇರಿದವು. ಅದು ಅಂತ್ಯಪ್ರಾಸ ಹುಡುಕುವವರಿಗೆಂದು ಸಿದ್ಧವಾದ ಗ್ರಂಥವಾದರೂ, ಪದವನ್ನು ಮೊದಲ ಅಕ್ಷರದ ಹಂಗಿನಿಂದ ಬಿಡಿಸಬಹುದೆಂದು ತೋರಿಸಿಕೊಟ್ಟದ್ದು ಅದರ ದೊಡ್ಡ ಕೊಡುಗೆ.

ಅಕ್ಷರಗಳನ್ನು ಪದದ ಒಳಗೇ ಕಲಕುವ ಅಕ್ಷರಪಲ್ಲಟವು, ಅಂದರೆ ಒಂದು ಪದದ ಅಥವಾ ವಾಕ್ಯದ ಅಕ್ಷರಗಳಿಂದಲೇ ಇನ್ನೊಂದನ್ನು ಕಟ್ಟುವ ಕಲೆಯು, ಯುರೋಪಿನಲ್ಲಿ ಬಹುಕಾಲ ವಿದ್ವಾಂಸರ ಗುಟ್ಟಿನ ಸಾಧನವಾಗಿತ್ತು. ಲಂಡನ್ನಿನ ವಿಜ್ಞಾನಿ ರಾಬರ್ಟ್ ಹುಕ್ 1676ರಲ್ಲಿ ತನ್ನದೊಂದು ಶೋಧವನ್ನು, ಅದು ತನ್ನದೆಂಬ ಹಕ್ಕು ಉಳಿಯುವಂತೆಯೂ ಇತರರಿಗೆ ತಿಳಿಯದಂತೆಯೂ ಪ್ರಕಟಿಸಲು ಬಯಸಿ, 14 ಅಕ್ಷರಗಳ ಒಂದು ಸಾಲನ್ನು ಮಾತ್ರ ಅಚ್ಚು ಹಾಕಿಸಿದನು. ಒಂದು ಸಿ, ಒಂದು ಇ, ಮೂರು ಐ, ಹೀಗೆ ವರ್ಣಮಾಲೆಯ ಕ್ರಮದಲ್ಲಿ ಕುಳಿತಿದ್ದ ಆ ಅಕ್ಷರಗಳು ಸ್ಪ್ರಿಂಗಿನ ಹಿಗ್ಗುವಿಕೆಯು ಅದರ ಮೇಲಿನ ಬಲಕ್ಕೆ ಅನುಗುಣವಾಗಿರುತ್ತದೆಂಬ ಲ್ಯಾಟಿನ್ ವಾಕ್ಯದವೆಂದು ಅವನೇ 1678ರಲ್ಲಿ ಬಹಿರಂಗಪಡಿಸಿದನು. ಇಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ತಂದದ್ದು ಮಾತನ್ನು ಮರೆಮಾಡಲು. ಅದೇ ಉಪಾಯ ಮಾತನ್ನು ಹುಡುಕುವುದಕ್ಕೂ ಒದಗುತ್ತದೆಂಬುದು ವ್ಯಾಪಕವಾಗಿ ಬಳಕೆಗೆ ಬರಲು ಶತಮಾನಗಳೇ ಬೇಕಾದವು.

ಬಿಡಿ ಅಕ್ಷರಗಳಿಂದ ಪದ ಹುಡುಕುವ ಅಗತ್ಯವನ್ನು ಮನೆಮನೆಗೂ ತಂದವನು ಆಲ್ಫ್ರೆಡ್ ಬಟ್ಸ್. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1931ರಲ್ಲಿ, ಉದ್ಯೋಗ ಕಳೆದುಕೊಂಡ ಈ ನ್ಯೂಯಾರ್ಕಿನ ವಾಸ್ತುಶಿಲ್ಪಿ ಅದೃಷ್ಟ ಮತ್ತು ಜಾಣ್ಮೆ ಎರಡಕ್ಕೂ ಎಡೆಯಿರುವ ಪದದಾಟವೊಂದನ್ನು ರೂಪಿಸಲು ಹೊರಟನು. ಯಾವ ಅಕ್ಷರದ ಬಿಲ್ಲೆ ಎಷ್ಟಿರಬೇಕೆಂದು ನಿರ್ಧರಿಸಲು ಅವನು ‘ನ್ಯೂಯಾರ್ಕ್ ಟೈಮ್ಸ್’ ಮೊದಲಾದ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಅಕ್ಷರಗಳನ್ನು ಒಂದೊಂದಾಗಿ ಎಣಿಸಿದನು. ಆ ತಾಳ್ಮೆಯ ಎಣಿಕೆಯ ಫಲವು ಇಂದಿನ 100 ಬಿಲ್ಲೆಗಳ ಹಂಚಿಕೆಯಲ್ಲಿ ಕಾಣುತ್ತದೆ: ಇ ಅಕ್ಷರಕ್ಕೆ 12, ಎ ಮತ್ತು ಐ ಅಕ್ಷರಗಳಿಗೆ ತಲಾ 9, ಕ್ಯೂ ಮತ್ತು ಝಡ್‌ಗೆ ಒಂದೊಂದೇ, ಯಾವ ಅಕ್ಷರವಾಗಿಯಾದರೂ ನಿಲ್ಲಬಲ್ಲ ಖಾಲಿ ಬಿಲ್ಲೆಗಳು 2. ಇಂಗ್ಲಿಷಿನಲ್ಲಿ ಪದೇಪದೇ ಬರುವ ಎಸ್ ಅಕ್ಷರಕ್ಕೆ ಮಾತ್ರ ಅವನು 4 ಬಿಲ್ಲೆಗಳನ್ನಷ್ಟೇ ಕೊಟ್ಟದ್ದು, ಯಾವುದೇ ಪದದ ತುದಿಗೆ ಅದನ್ನಿಟ್ಟು ಬಹುವಚನ ಮಾಡುವ ಸುಲಭದ ದಾರಿಯನ್ನು ಕಿರಿದಾಗಿಸಲು. ಎಣಿಕೆಗೆ ಕುರುಡಾಗಿ ಜೋತುಬೀಳದ ಈ ವಿವೇಕವೇ ಆಟದ ಜೀವಾಳ. 1948ರಲ್ಲಿ ಜೇಮ್ಸ್ ಬ್ರೂನೊ ಅದಕ್ಕೆ ‘ಸ್ಕ್ರ್ಯಾಬಲ್’ ಎಂಬ ಹೆಸರಿಟ್ಟು ಮಾರಾಟಕ್ಕೆ ತಂದನು.

ಆಟಗಾರನ ಕೈಯಲ್ಲಿ ಏಳು ಬಿಲ್ಲೆಗಳಿರುತ್ತವೆ. ಏಳೂ ಬೇರೆ ಬೇರೆ ಅಕ್ಷರಗಳಾದರೆ ಅವನ್ನು 5,040 ಬಗೆಯಲ್ಲಿ ಸಾಲಾಗಿಡಬಹುದು. ಚಿಕ್ಕ ಸಾಲುಗಳನ್ನೂ ಸೇರಿಸಿದರೆ ಒಟ್ಟು 13,699 ಆಗುತ್ತದೆ. ಪಂದ್ಯಗಳು ಬೆಳೆದಂತೆ ಯಾವ ಪದ ಸಲ್ಲುತ್ತದೆಂಬ ವಾದಗಳೂ ಬೆಳೆದು, ಅಮೆರಿಕದಲ್ಲಿ 1978ರಲ್ಲಿ ಆಟಗಾರರಿಗೆಂದೇ ಅಧಿಕೃತ ನಿಘಂಟು ಪ್ರಕಟವಾಯಿತು. ಅದೂ ಅಕಾರಾದಿಯದೇ ಆದ್ದರಿಂದ ಪದ ಸಿಂಧುವೇ ಎಂದು ತಿಳಿಸುತ್ತಿತ್ತೇ ಹೊರತು ಪದವನ್ನು ಹುಡುಕಿಕೊಡುತ್ತಿರಲಿಲ್ಲ. ಗಂಭೀರ ಆಟಗಾರರು ರೂಢಿಸಿಕೊಂಡ ಉಪಾಯವೆಂದರೆ ಪ್ರತಿ ಪದದ ಅಕ್ಷರಗಳನ್ನೇ ವರ್ಣಮಾಲೆಯ ಕ್ರಮಕ್ಕೆ ತಂದು, ಆ ಸಾಲಿನ ಅಡಿಯಲ್ಲಿ ಪದವನ್ನು ಬರೆದಿಡುವುದು. ಒ, ಪಿ, ಎಸ್, ಟಿ ಎಂಬ ಸಾಲಿನಡಿ ‘ಸ್ಟಾಪ್’, ‘ಸ್ಪಾಟ್’, ‘ಪೋಸ್ಟ್’, ‘ಪಾಟ್ಸ್’, ‘ಟಾಪ್ಸ್’, ‘ಆಪ್ಟ್ಸ್’ ಎಂಬ ಆರೂ ಪದಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಇದೇ ಉಪಾಯವನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ 1980ರ ದಶಕದಲ್ಲಿ ತನ್ನ ಅಂಕಣದಲ್ಲಿ ಸೊಗಸಾಗಿ ವಿವರಿಸಿದನು. ಹೀಗೆ ಜೋಡಿಸಿದ ಪಟ್ಟಿಯಲ್ಲಿ ಏಳು ಅಕ್ಷರಗಳಿಗೆ 127 ಸಾಲುಗಳನ್ನು ನೋಡಿದರೆ ಸಾಕು.

ಈ ವಿಧಾನ ಇಂಗ್ಲಿಷಿಗೆ ಒಗ್ಗುವುದಕ್ಕೆ ಅದರ ಲಿಪಿಯೇ ಕಾರಣ. ಅಲ್ಲಿ ಸ್ವರವೂ ವ್ಯಂಜನವೂ ಬಿಡಿ ಮಣಿಗಳಂತೆ ಪ್ರತ್ಯೇಕ ನಿಲ್ಲುತ್ತವೆ, ಮತ್ತು ‘ಸ್ಟಾಪ್’‌ನಲ್ಲಿ ಆಕಾರದಂತೆ ನುಡಿಯುವ ಅಕ್ಷರವೇ ‘ಪೋಸ್ಟ್’‌ನಲ್ಲಿ ಓಕಾರವಾಗುತ್ತದೆ. ಒತ್ತು, ಗುಣಿತಗಳು ಕೂಡಿ ‘ಸ್ತ್ರೀ’ ಎಂಬುದು ಒಂದೇ ಅಕ್ಷರವಾಗುವ ಕನ್ನಡದಲ್ಲಿ, ಬಿಲ್ಲೆ ಎಂದರೆ ಯಾವುದೆಂಬುದನ್ನೇ ಮೊದಲು ತೀರ್ಮಾನಿಸಬೇಕು.

ಇಂಗ್ಲಿಷಿನಲ್ಲಾದರೋ ಹುಡುಕಾಟ ಇನ್ನೂ ಮುಂದೆ ಸಾಗಿತು. 1988ರಲ್ಲಿ, ಸ್ಕ್ರ್ಯಾಬಲ್ ಆಡುವ ಕಂಪ್ಯೂಟರಿಗಾಗಿ, ವಿಜ್ಞಾನಿಗಳಾದ ಆಂಡ್ರ್ಯೂ ಅಪೆಲ್ ಮತ್ತು ಗೈ ಜೇಕಬ್‌ಸನ್, ಒಂದೇ ತಲೆಯ ಮತ್ತು ಒಂದೇ ಬಾಲದ ಪದಗಳು ಆ ಭಾಗಗಳನ್ನು ಹಂಚಿಕೊಳ್ಳುವಂತೆ ಇಡೀ ಪದರಾಶಿಯನ್ನು ಒಂದು ಜಾಲವಾಗಿ ಹೆಣೆದರು. ಕೈಯಲ್ಲಿಲ್ಲದ ಅಕ್ಷರ ಎದುರಾದ ಕ್ಷಣವೇ ಕಂಪ್ಯೂಟರ್ ಆ ದಾರಿಯನ್ನು ಕೈಬಿಡುತ್ತಿತ್ತು. ಆದರೆ ಜಾಲದ ಪ್ರವೇಶ ಇನ್ನೂ ಮೊದಲ ಅಕ್ಷರದಿಂದಲೇ ಇತ್ತು, ಆಟದಲ್ಲಾದರೋ ಹಲಗೆಯ ಮೇಲೆ ಆಗಲೇ ಕುಳಿತಿರುವ ಅಕ್ಷರವು ಹೊಸ ಪದದ ನಡುವೆಯೂ ಬೀಳಬಹುದು. ಸ್ಟೀವನ್ ಗಾರ್ಡನ್ 1994ರಲ್ಲಿ ಪ್ರತಿ ಪದವನ್ನೂ ಅದರ ಒಂದೊಂದು ಅಕ್ಷರದಿಂದ ಹೊರಟು ಮೊದಲು ಹಿಂದಕ್ಕೆ, ಅನಂತರ ಮುಂದಕ್ಕೆ ಓದುವಂತೆ ದಾಖಲಿಸಿದನು. ಇದಕ್ಕೆ ಹಿಂದಿನದರ ಸುಮಾರು ಐದು ಪಟ್ಟು ಸ್ಥಳ ಬೇಕಾಯಿತು, ವೇಗ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿತು. ವಾಕರ್ ಪ್ರಾಸಕ್ಕಾಗಿ ಹಿಡಿದಿದ್ದ ಹಿಮ್ಮುಖ ಓದು ಹೀಗೆ ಪದದ ಪ್ರತಿಯೊಂದು ಅಕ್ಷರದಿಂದಲೂ ಆರಂಭವಾಗತೊಡಗಿತು.