ಕಲರ್ ಕೇಸ್ ಹಾರ್ಡನಿಂಗ್: ಸವೆದ ಲ್ಯಾಕರ್ ತೆಗೆಯುವ ಕ್ರಮ

ಕಲರ್ ಕೇಸ್ ಹಾರ್ಡನಿಂಗ್ ಆದ ಬಂದೂಕಿನ ಉಕ್ಕಿನ ಮೇಲೆ ನೀಲಿ, ಕಂದು, ನೇರಳೆ, ಒಣಹುಲ್ಲಿನ ಹಳದಿ ಬಣ್ಣಗಳು ಮೋಡಗಳಂತೆ ಕಲೆತಿರುತ್ತವೆ. ಅಮೆರಿಕದ ಕೋಲ್ಟ್ ಕಾರ್ಖಾನೆಯ 1873ರ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನ ಫ್ರೇಮ್ ಮತ್ತು ಪಾರ್ಕರ್ ಜೋಡುನಳಿಗೆ ಕೋವಿಗಳು ಇದಕ್ಕೆ ಹೆಸರಾದವು.

ಈ ಬಣ್ಣ ಯಾರೂ ಬಳಿದದ್ದಲ್ಲ. ಇಂಗಾಲ ಕಡಿಮೆಯಿರುವ ಮೆದು ಉಕ್ಕಿನ ಭಾಗಗಳನ್ನು ಮೂಳೆಯ ಇದ್ದಿಲು, ಕಟ್ಟಿಗೆಯ ಇದ್ದಿಲುಗಳ ನಡುವೆ ಹುದುಗಿಸಿ, ಗಾಳಿಯಾಡದಂತೆ ಮುಚ್ಚಿ, ಕುಲುಮೆಯಲ್ಲಿ ಕೆಲವು ಗಂಟೆ ಕೆಂಪಗೆ ಕಾಯಿಸುತ್ತಾರೆ. ಆಮೇಲೆ ಎಲ್ಲವನ್ನೂ ಗಾಳಿಗುಳ್ಳೆ ಏಳುತ್ತಿರುವ ತಣ್ಣೀರಿಗೆ ಒಮ್ಮೆಗೇ ಸುರಿಯುತ್ತಾರೆ. ಇಂಗಾಲ ಹೀರಿದ ಹೊರಪದರ ಗಡುಸಾಗುತ್ತದೆ. ಒಳತಿರುಳು ಪೆಟ್ಟು ತಾಳುವಷ್ಟು ಮೆದುವಾಗಿಯೇ ಉಳಿಯುತ್ತದೆ. ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪೊರೆ ಒಂದು ಮೈಕ್ರೋಮೀಟರಿಗಿಂತ ಬಹಳ ತೆಳು. ಬೆಳಕು ಅದರಲ್ಲಿ ಬಣ್ಣವಾಗಿ ಒಡೆಯುತ್ತದೆ. ಗಡಸುತನ ಆಳಕ್ಕಿಳಿದಿದ್ದರೂ ಬಣ್ಣ ಮಾತ್ರ ಉಜ್ಜಿದರೆ ಹೋಗುವಂಥದ್ದು. ಅದಕ್ಕೇ ಮೇಲೊಂದು ಪಾರದರ್ಶಕ ಲ್ಯಾಕರ್ ಹಚ್ಚುವ ರೂಢಿ ಬಂತು.

ಕೈ ತಾಗುವ ಕಡೆ ಲ್ಯಾಕರ್ ಮೊದಲು ಸವೆಯುತ್ತದೆ. ಉಳಿದಲ್ಲಿ ಹಳದಿಗಟ್ಟಿ, ಅಂಚಿನಲ್ಲಿ ಸಿಪ್ಪೆಯೇಳುತ್ತದೆ. ಅದರಡಿ ತೇವ ಸೇರಿದರೆ ತುಕ್ಕು ಹಿಡಿಯುತ್ತದೆ. ಆಗ ಪೂರ್ತಿ ತೆಗೆದುಹಾಕುವುದೇ ಸರಿ.

ಮೊದಲು ಬಂದೂಕಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ಮರದ ಹಿಡಿ, ಪ್ಲಾಸ್ಟಿಕ್ ಭಾಗಗಳನ್ನು ಬಿಚ್ಚಿಡಬೇಕು. ಲ್ಯಾಕರ್ ಕರಗಿಸುವ ದ್ರಾವಕ ಮರದ ಪಾಲಿಶನ್ನೂ ಕರಗಿಸುತ್ತದೆ. ಮರದಡಿ ಮರೆಯಾಗಿರುವ ಒಂದು ಮೂಲೆಯಲ್ಲಿ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಪರೀಕ್ಷಿಸುವುದನ್ನು ಎಂದೂ ಬಿಡಬಾರದು. ಕೆಲವು ಅಗ್ಗದ ಬಂದೂಕುಗಳ ಬಣ್ಣ ಬರೀ ರಾಸಾಯನಿಕದಿಂದ ಮೂಡಿಸಿದ ಅನುಕರಣೆ. ಲೇಪ ಹೋದರೆ ಬಣ್ಣವೂ ಹೋಗಬಹುದು. ಹತ್ತಿಗೆ ನೀಲಿ ಕಂದು ಅಂಟಿದರೆ ಅಲ್ಲಿಗೇ ನಿಲ್ಲಿಸಬೇಕು.

ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅಸಿಟೋನಿಗೆ, ಲ್ಯಾಕರ್ ಥಿನ್ನರಿಗೆ ಬೇಗ ಕರಗುತ್ತದೆ. ಅವು ಆಕ್ಸೈಡಿನ ತಂಟೆಗೆ ಹೋಗುವುದಿಲ್ಲ. ಬಟ್ಟೆ ನೆನೆಸಿ ಕೊಂಚ ಹೊತ್ತು ಇಟ್ಟು, ಒತ್ತದೆ ಒರೆಸಿ, ಮತ್ತೆ ಹೊಸ ಬಟ್ಟೆ ಹಿಡಿಯಬೇಕು. ಅಸಿಟೋನಿನ ಆವಿಗೆ ಬೆಂಕಿ ತಟ್ಟನೆ ಹತ್ತಿಕೊಳ್ಳುವುದರಿಂದ ಕೆಲಸ ಗಾಳಿಯಾಡುವಲ್ಲಿ, ಕಿಡಿಯಿಂದ ದೂರ ನಡೆಯಬೇಕು. ಎರಡು ದ್ರವ ಬೆರೆಸಿ ಹಚ್ಚಿದ ಪಾಲಿಯುರೆಥೇನ್ ಅಥವಾ ಕಾಯಿಸಿ ಗಟ್ಟಿಮಾಡಿದ ಲೇಪ ಇದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಪೇಂಟ್ ರಿಮೂವರ್ ಬೇಕು.

ಉಪ್ಪುಕಾಗದ, ಸ್ಟೀಲ್ ವೂಲ್, ಹೊಳಪಿನ ಪುಡಿ ಯಾವುದೂ ಸಲ್ಲದು. ತುಕ್ಕು ತೆಗೆಯುವ ಫಾಸ್ಫಾರಿಕ್ ಆಮ್ಲ ಇನ್ನೂ ಅಪಾಯ. ಬಣ್ಣವನ್ನೇ ತಿಂದು ಬೂದು ಉಕ್ಕನ್ನು ಉಳಿಸುತ್ತದೆ. ಕಳೆದ ಬಣ್ಣ ಮರಳಿ ಬರಬೇಕಾದರೆ ಭಾಗವನ್ನು ಪುನಃ ಕುಲುಮೆಗೆ ಹಾಕಬೇಕು, ಅದರಲ್ಲಿ ಫ್ರೇಮ್ ಸೊಟ್ಟಗಾಗುವ ಭಯವಿದೆ.

ಲೇಪ ಹೋದ ಉಕ್ಕು ಬೆತ್ತಲೆ. ಅದೇ ದಿನ ಹೊಸ ಲ್ಯಾಕರನ್ನೋ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೂಪುಗೊಂಡ ರೆನೈಸಾನ್ಸ್ ಮೇಣದಂಥ ಮೈಕ್ರೋಕ್ರಿಸ್ಟಲೈನ್ ಮೇಣವನ್ನೋ ತೆಳುವಾಗಿ ಹಚ್ಚಬೇಕು. ಕಾರ್ಖಾನೆಯ ಮೂಲ ಲ್ಯಾಕರ್ ಉಳಿದಿರುವ ಹಳೆಯ ಬಂದೂಕಿಗಾದರೆ ದ್ರಾವಕ ಮುಟ್ಟಿಸದೆ ಮೇಣವಷ್ಟೇ ಹಚ್ಚುವುದು ಒಳ್ಳೆಯದು. ಸಂಗ್ರಹಕಾರರು ಆ ಸವೆದ ಪೊರೆಗೂ ಬೆಲೆ ಕಟ್ಟುತ್ತಾರೆ.