ಗೋದಾಮು ಮನೆಯಾದ ಬಗೆ



ದೊಡ್ಡ ನಗರಗಳ ಜಾಹೀರಾತುಗಳಲ್ಲಿ ಒಂದು ಬಗೆಯ ಮನೆಯ ವರ್ಣನೆ ಕಾಣಸಿಗುತ್ತದೆ: ‘ಹಳೆಯ ಗೋದಾಮಿನಲ್ಲಿ ವಿಶಾಲವಾದ ಲಾಫ್ಟ್ ಮನೆ ಮಾರಾಟಕ್ಕಿದೆ.’ ಎತ್ತರದ ಚಾವಣಿ, ಗಿಲಾವು ಕಾಣದ ಇಟ್ಟಿಗೆ ಗೋಡೆ, ಕಬ್ಬಿಣದ ಕಂಬಗಳು, ಆಳೆತ್ತರದ ಕಿಟಕಿಗಳು, ನಡುವೆ ಅಡ್ಡಗೋಡೆಯಿಲ್ಲದ ಒಂದೇ ದೊಡ್ಡ ಅಂಕಣ. ಬೆಲೆಯನ್ನು ಕೇಳಿದರೆ ಸೇಡಂನ ಅಡತಿ ವ್ಯಾಪಾರಿಯೊಬ್ಬರು ನಕ್ಕು, ‘ತೊಗರಿ ಚೀಲ ಇಡೂ ಜಾಗಕ್ಕ ಇಷ್ಟು ರೊಕ್ಕನs?’ ಎಂದಾರು. ಸರಕಿಗೆಂದು ಕಟ್ಟಿದ ಕಟ್ಟಡ ಮನುಷ್ಯರ ಮನೆಯಾದುದು ಹೇಗೆ? ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ. ಅದು ನಮ್ಮ ಭಾಗಕ್ಕೆ ಸಂಬಂಧವಿಲ್ಲದ ಇತಿಹಾಸವೂ ಅಲ್ಲ.

ಮೊದಲು ಶಬ್ದಗಳನ್ನು ನೋಡೋಣ. ‘ಗೋದಾಮು’ ಎಂಬುದು ನಮ್ಮಲ್ಲಿಗೆ ಬಂದುದು ಇಂಗ್ಲಿಷಿನ ‘ಗೋಡೌನ್’ ಪದದ ಬಳಗದಿಂದ. ಅದರ ಮೂಲ ಮಲಯ ಭಾಷೆಯ ‘ಗುದಂಗ್’. ಆ ಮಲಯ ಪದವೇ ತಮಿಳು, ತೆಲುಗು ಕಡೆಯಿಂದ ಹಡಗು ಹತ್ತಿ ಹೋಗಿರಬೇಕೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ಅಂದರೆ ದಕ್ಷಿಣದ ಪದವೊಂದು ಸಮುದ್ರ ಸುತ್ತಿ, ವರ್ತಕರ ಬಾಯಲ್ಲಿ ಸವೆದು, ವೇಷ ಬದಲಿಸಿಕೊಂಡು ಮನೆಗೆ ಮರಳಿದೆ. ‘ಲಾಫ್ಟ್’ ಎಂದರೆ ನಮ್ಮ ಅಟ್ಟ. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಗಾಳಿ, ಆಕಾಶ ಎಂಬ ಅರ್ಥವೂ ಇತ್ತು. ಈ ‘ಗಾಳಿ’ ಎಂಬ ಅರ್ಥವನ್ನು ನೆನಪಿನಲ್ಲಿಡಿರಿ. ಈ ಲೇಖನದ ತಿರುಳು ಅದರಲ್ಲಿಯೇ ಇದೆ.

ದಾಸ್ತಾನಿಗೂ ವಾಸಕ್ಕೂ ಇರುವ ಭೇದವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಜೋಳ ತುಂಬುವ ಹಗೇವನ್ನು ನೆನೆಯಿರಿ. ನೆಲದೊಳಗೆ ಗಾಳಿಯಾಡದಂತೆ ಮುಚ್ಚಿದ್ದರಿಂದಲೇ ಕಾಳು ಹುಳು ಹಿಡಿಯದೆ ಉಳಿಯುತ್ತಿತ್ತು. ಅದೇ ಕಾರಣಕ್ಕೆ ಹಗೇವು ಮನುಷ್ಯನ ಪಾಲಿಗೆ ಮೃತ್ಯುಕೂಪವೂ ಆಗಿತ್ತು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುವುದು ರೂಢಿ. ಕಾಳನ್ನು ಕಾಯುವ ಗುಣವೇ ಮನುಷ್ಯನನ್ನು ಕೊಲ್ಲಬಲ್ಲದು ಎಂಬ ತಿಳಿವಳಿಕೆ ಆ ದೀಪದಲ್ಲಿತ್ತು.

ರೈಲು ಬಂದ ಮೇಲೆ ದಾಸ್ತಾನು ನೆಲದಿಂದ ಮೇಲಕ್ಕೆ ಬಂತು. 1871ರಲ್ಲಿ ಮುಂಬಯಿ ಕಡೆಯ ಮಾರ್ಗ ಮತ್ತು ಮದರಾಸು ಕಡೆಯ ಮಾರ್ಗ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಸಿಕಂದರಾಬಾದಿನವರೆಗೆ ನಿಜಾಮರ ರಾಜ್ಯದ ರೈಲು ಓಡಿತು. ಶಹಾಬಾದಿನ ಪರಸಿ ಕಲ್ಲು, ನಮ್ಮ ಎರೆಭೂಮಿಯ ಕಾಳು ಕಡಿ, ಹತ್ತಿ ದೂರದೂರದ ಪೇಟೆ ಕಂಡವು. ಚಿಂಚೋಳಿಯ ಸರಕೂ ಬಂಡಿಯೇರಿ ತಾಂಡೂರಿನ ರೈಲನ್ನು ಮುಟ್ಟುವಂತಾಯಿತು. ನಿಲ್ದಾಣಗಳ ಬಳಿ ಮಾಲುಗೋದಾಮುಗಳು ಎದ್ದವು.

ಅದೇ ದಶಕದಲ್ಲಿ, 1871ರಿಂದ 1873ರ ನಡುವೆ, ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಟ್ಲರ್ಸ್ ವಾರ್ಫ್ ಎಂಬ ಭಾರಿ ಗೋದಾಮುಗಳ ಸಾಲನ್ನು ಕಟ್ಟಲಾಯಿತು. ಚಹಾ, ಸಾಂಬಾರ ಪದಾರ್ಥ, ಧಾನ್ಯಗಳು ಅಲ್ಲಿ ಇಳಿಯುತ್ತಿದ್ದವು. ನ್ಯೂಯಾರ್ಕಿನ ಸೋಹೋ ಎಂಬ ಭಾಗದಲ್ಲಿಯೂ ಎರಕದ ಕಬ್ಬಿಣದ ಮುಖವಿದ್ದ ಬಟ್ಟೆ ಗೋದಾಮುಗಳು, ಕಾರ್ಯಾಗಾರಗಳು ಆ ಕಾಲದಲ್ಲಿಯೇ ಮೇಲೆದ್ದವು. ಯಂತ್ರಕ್ಕೂ ಮೂಟೆಗೂ ಸ್ಥಳ ಬೇಕೆಂದು ಒಳಗೆ ಗೋಡೆಗಳಿಲ್ಲ. ಕೆಲಸಕ್ಕೆ ಬೆಳಕು ಬೇಕೆಂದು ದೊಡ್ಡ ಕಿಟಕಿಗಳು. ಇಂದಿನ ಜಾಹೀರಾತು ಹೊಗಳುವ ಅಂದವೆಲ್ಲ ಅಂದು ಬರಿಯ ಅಗತ್ಯವಾಗಿತ್ತು.

ಎರಡನೆಯ ಮಹಾಯುದ್ಧದ ತರುವಾಯ ಸೋಹೋದ ಉದ್ಯಮಗಳು ಸೊರಗಿದವು. ಖಾಲಿಬಿದ್ದ ಅಂತಸ್ತುಗಳನ್ನು ಬಡ ಚಿತ್ರಕಾರರು, ಶಿಲ್ಪಿಗಳು ಕಡಿಮೆ ಬಾಡಿಗೆಗೆ ಹಿಡಿದರು. ಕಾನೂನಿನ ಪ್ರಕಾರ ಅಲ್ಲಿ ಕೆಲಸ ಮಾಡಬಹುದಿತ್ತು, ಮಲಗುವಂತಿರಲಿಲ್ಲ. ಆದುದರಿಂದ ಅವರು ಹಾಸಿಗೆಯನ್ನು ಬಚ್ಚಿಟ್ಟು ಬದುಕಿದರು. ಬೆಂಕಿ ಬಿದ್ದರೆ ಮೇಲೆ ಜನರಿದ್ದಾರೆಂಬುದೇ ಅಗ್ನಿಶಾಮಕರಿಗೆ ತಿಳಿಯುವಂತಿರಲಿಲ್ಲ. ಕಲಾವಿದರು ಸಂಘಟಿತರಾಗಿ ಹೋರಾಡಿದ ಮೇಲೆ 1961ರಲ್ಲಿ ನಗರಾಡಳಿತ ಒಂದು ಒಪ್ಪಂದಕ್ಕೆ ಬಂತು. ಅದರಂತೆ ಕಟ್ಟಡದ ಹೊರಗೆ ‘ಎ.ಐ.ಆರ್.’, ಅಂದರೆ ಕಲಾವಿದರು ಇಲ್ಲಿ ವಾಸವಾಗಿದ್ದಾರೆ, ಎಂಬ ಫಲಕವನ್ನು ಅಂತಸ್ತಿನ ಸಂಖ್ಯೆಯೊಡನೆ ಹಾಕಬೇಕಾಯಿತು.

ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಅತಿ ಮುಖ್ಯವಾದುದು ಆ ಪುಟ್ಟ ಫಲಕ. ‘ಇಲ್ಲಿ ಸರಕಲ್ಲ, ಮನುಷ್ಯರಿದ್ದಾರೆ’ ಎಂದು ಅದು ಲೆಕ್ಕ ಒಪ್ಪಿಸಿತು. ಮುಂದಿನ ಹೆಜ್ಜೆಗಳು ಒಂದೊಂದಾಗಿ ಬಂದವು. ಆ ಭಾಗವನ್ನು ಸೀಳಿ ಹೋಗಬೇಕಿದ್ದ ಹೆದ್ದಾರಿಯ ಯೋಜನೆ ಜನರ ವಿರೋಧದಿಂದ 1969ರಲ್ಲಿ ರದ್ದಾಯಿತು. 1971ರಲ್ಲಿ ಕಲಾವಿದರ ವಾಸಕ್ಕೆ ಕಾನೂನಿನ ಒಪ್ಪಿಗೆ ದೊರೆಯಿತು. 1973ರಲ್ಲಿ ಸೋಹೋ ಐತಿಹಾಸಿಕ ಪ್ರದೇಶವೆನಿಸಿತು. 1982ರ ಲಾಫ್ಟ್ ಕಾಯಿದೆಯು ಇಂಥ ಕಟ್ಟಡಗಳನ್ನು ವಾಸಯೋಗ್ಯವಾಗಿ ಮಾಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು, ಬಾಡಿಗೆದಾರರಿಗೆ ರಕ್ಷಣೆ ನೀಡಿತು. ಲಂಡನ್ನಿನ ಬಟ್ಲರ್ಸ್ ವಾರ್ಫ್ ಕೂಡ 1980ರ ದಶಕದಿಂದ ಶ್ರೀಮಂತರ ಮನೆಗಳಾಗತೊಡಗಿತು. ಸೋಹೋದಲ್ಲಿ ಬೆಲೆ ಏರಿದಂತೆ, ಆ ಸ್ಥಳಕ್ಕೆ ಜೀವ ತಂದ ಬಡ ಕಲಾವಿದರಲ್ಲಿ ಬಹುಮಂದಿ ಅಲ್ಲಿಂದ ಕಾಲ್ತೆಗೆಯಬೇಕಾಯಿತೆಂಬುದು ಈ ಕಥೆಯ ಕಹಿ ಭಾಗ.

ಇನ್ನು ನಮ್ಮ ವಾಡಿಯ ರೈಲುಮಾರ್ಗದ ಆ ತುದಿಗೆ ಬನ್ನಿ. ಸಿಕಂದರಾಬಾದಿನ ಭೋಯಿಗುಡದಲ್ಲಿ ಒಂದು ಗುಜರಿ ಗೋದಾಮಿತ್ತು. ಅದರ ಮೇಲಂತಸ್ತಿನಲ್ಲಿ ಬಿಹಾರದಿಂದ ಬಂದ ಕೂಲಿಕಾರರು ಮಲಗುತ್ತಿದ್ದರು. 2022ರ ಮಾರ್ಚ್ 23ರ ನಸುಕಿನಲ್ಲಿ ಕೆಳಗೆ ಬೆಂಕಿ ಹತ್ತಿತು. ಇಳಿಯಲು ಇದ್ದ ದಾರಿ ಆ ಗೋದಾಮಿನೊಳಗಿಂದಲೇ ಹಾಯುತ್ತಿತ್ತು. 11 ಜನ ಸತ್ತರು, ಒಬ್ಬ ಮಾತ್ರ ಬದುಕುಳಿದ. ಇದೂ ಗೋದಾಮಿನ ಅಟ್ಟದ ಮನೆಯೇ. ಇದಕ್ಕೆ ಜಾಹೀರಾತಿರಲಿಲ್ಲ, ‘ಇಲ್ಲಿ ಮನುಷ್ಯರಿದ್ದಾರೆ’ ಎಂಬ ಫಲಕವೂ ಇರಲಿಲ್ಲ.

ನಮ್ಮ ಐದೂ ಊರುಗಳ ಕಡೆಯಿಂದ ಎಷ್ಟೋ ಜನ ದುಡಿಯಲು ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೋಗುತ್ತಾರೆ. ಅವರು ರಾತ್ರಿ ಎಲ್ಲಿ ಮಲಗುತ್ತಾರೆಂಬುದನ್ನು ಊರಲ್ಲಿರುವ ನಾವು ಕೇಳುವುದು ಅಪರೂಪ. ಎಷ್ಟು ಗಳಿಸುತ್ತಾರೆಂದಷ್ಟೇ ಕೇಳುತ್ತೇವೆ.

ಇನ್ನೊಂದು ಮಾತು. ನಮ್ಮ ನಾಡಿನಲ್ಲಿ ಹಳೆಯ ಗಿರಣಿಗಳಿಗೆ ಮರುಜನ್ಮ ಕೊಟ್ಟುದಕ್ಕಿಂತ ಕೆಡವಿದುದೇ ಹೆಚ್ಚು. ಬೆಂಗಳೂರಿನ ಬಿನ್ನಿ ಗಿರಣಿಯ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಾಲ್ ಬಂದಿದೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ ಇಂದು ಬಹುಮಟ್ಟಿಗೆ ಬಡಾವಣೆಯ ಹೆಸರಾಗಿ ಉಳಿದಿದೆ. ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ ನಮ್ಮ ವೈಶಾಖದ ಬಿಸಿಲನ್ನು ತಡೆಯುವಷ್ಟು ತೆಳುವಾದ ಸಿಮೆಂಟ್ ಗೋಡೆ ತಡೆಯಲಾರದು. ನಿಮ್ಮಲ್ಲಿ ಯಾರಿಗಾದರೂ ಹಿರಿಯರಿಂದ ಪರಸಿ ಕಲ್ಲಿನ ಹಳೆಯ ಅಡತಿ ಅಂಗಡಿಯೋ ಗೋದಾಮೋ ಬಂದಿದ್ದರೆ, ಕೆಡವುವ ಮೊದಲು ಬಲ್ಲ ಎಂಜಿನಿಯರರೊಬ್ಬರಿಗೆ ತೋರಿಸಿರಿ. ವಾಚನಾಲಯವೋ ಪಾಠಶಾಲೆಯೋ ಮನೆಯೋ ಆಗುವ ಯೋಗ್ಯತೆ ಅದಕ್ಕೆ ಇರಬಹುದು.

ಆದರೆ ಮನುಷ್ಯರನ್ನು ಅದರೊಳಗೆ ಇರಿಸುವುದಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಗಾಳಿ ಬೆಳಕು ಎರಡು ಕಡೆಯಿಂದ ಬರುವುದೇ? ಇಳಿಯಲು ಎರಡನೆಯ ಮೆಟ್ಟಿಲು ಇದೆಯೇ? ವಾಸಕ್ಕೆಂದು ಸರಕಾರದ ಲಿಖಿತ ಒಪ್ಪಿಗೆ ಇದೆಯೇ? ಕೋಟಿ ಕೊಟ್ಟು ನಗರದಲ್ಲಿ ಲಾಫ್ಟ್ ಕೊಳ್ಳುವ ಶಿಷ್ಯನಿಗೂ, ತನ್ನ ಗೋದಾಮಿನ ಮೂಲೆಯಲ್ಲಿ ಕಾವಲುಗಾರನ ಸಂಸಾರವನ್ನು ಇರಿಸಿರುವ ಶಿಷ್ಯನಿಗೂ ಪ್ರಶ್ನೆಗಳು ಇವೇ. ಮೊದಲನೆಯವನು ತನಗಾಗಿ ಕೇಳಿಯೇ ಕೇಳುತ್ತಾನೆ. ಎರಡನೆಯವನು ಕಾವಲುಗಾರನ ಪರವಾಗಿ ಕೇಳಬೇಕು, ಏಕೆಂದರೆ ಆ ಬಡವನಿಗೆ ಕೇಳುವ ಧೈರ್ಯವಿರುವುದಿಲ್ಲ.